ಟಿಟ್ವಾಳಾದಿಂದ ಬರುತ್ತಿದ್ದ ಬಸಳೆ

ಮೊನ್ನೆ ಮಧ್ಯಾಹ್ನ ಹೋಟೆಲಿನಿಂದ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಬಸಳೆ ಬೇಯುವ ವಾಸನೆ ಬಂತು. ಸೊಸೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಭಾಜಿವಾಲಿಯಿಂದ ತಂದಿದ್ದಳಂತೆ. ಆ ಹಸಿ ಮಣ್ಣಿನಂಥ ವಾಸನೆ... ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತುಬಿಟ್ಟೆ.

ಹಿಂದೆ ನನಗೆ ಬಸಳೆ ತಂದುಕೊಡುತ್ತಿದ್ದ ಒಬ್ಬರಿದ್ದರು, ಅವರನ್ನು ನಾನು ಸಣ್ಣ ಧಣಿ ಎಂದು ಕರೆಯುತ್ತಿದ್ದೆ. ಠಾಣೆ ಪಟ್ಟಣದಲ್ಲಿ ನಾನು ಹದಿನೆಂಟು ವರ್ಷ ದುಡಿದ ಹೋಟೆಲಿನ ಧಣಿಗಳಿಗೆ ಒಬ್ಬನೇ ಮಗ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಹೇಳಲು ನಾಚಿಕೆಯಿಲ್ಲ, ಇವತ್ತು ಡೊಂಬಿವಲಿಯಲ್ಲಿ ನನ್ನದೇ ಹೋಟೆಲಿದೆ, ಅದನ್ನು ಈ ಎರಡು ಕೈಗಳೇ ಕಟ್ಟಿದ್ದು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಊಟ ಉಂಟೋ ಇಲ್ಲವೋ ಎನ್ನುವುದು ಎಲೆ ಹಾಕುವವರೆಗೆ ತಿಳಿಯುತ್ತಿರಲಿಲ್ಲ. ಠಾಣೆಯಲ್ಲಿ ಹಾಗಲ್ಲ. ಗೋಡೆಯ ಗಡಿಯಾರ ಹನ್ನೊಂದು ತೋರಿಸಿದರೆ ಕೆಲಸಗಾರರ ಪಂಕ್ತಿ, ಬಿಸಿ ಅನ್ನ, ಸಾರು. ಆ ಗಡಿಯಾರಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಅದೇ ಗಡಿಯಾರದ ಕೆಳಗೆ ಸಣ್ಣ ಧಣಿ ಬೆಳೆದರು. ಶಾಲೆಯಿಂದ ಬಂದವರೇ ದುಡ್ಡು ಎಣಿಸುವ ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂರಬೇಕು, ಹೋಂವರ್ಕೂ ಅಲ್ಲೇ. ಆಟಕ್ಕೆ ಹೋದದ್ದನ್ನು ನಾನು ನೋಡಿಲ್ಲ. ಯೂನಿಫಾರ್ಮಿಗೆ ಹೋಟೆಲಿನ ವಾಸನೆ ಹಿಡಿದು ಕ್ಲಾಸಿನವರೆಲ್ಲ ‘ಸಾಂಬಾರ್’ ಎಂದು ಕರೆಯುತ್ತಿದ್ದರಂತೆ. ಅದನ್ನು ಕೇಳಿ ನಾವು ಅಡುಗೆಮನೆಯವರು ಬಿದ್ದು ಬಿದ್ದು ನಕ್ಕಿದ್ದೆವು. ಅವರು ನಕ್ಕಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ...

ಮೂವತ್ತರ ಹತ್ತಿರ ಬಂದಾಗ ಒಂದು ದಿನ ಚೀಟಿ ಬರೆದಿಟ್ಟು ಮನೆ ಬಿಟ್ಟು ಹೋದರು. ಆಗ ನಾನು ಡೊಂಬಿವಲಿಗೆ ಬಂದು ಸ್ವಂತ ಹೋಟೆಲು ಹಾಕಿಯಾಗಿತ್ತು. ಕೆಲವು ತಿಂಗಳ ಮೇಲೆ ಒಂದು ಶನಿವಾರ, ಹೆಗಲಿಗೆ ಗೋಣಿಚೀಲ ಹಾಕಿಕೊಂಡು, ಬರಿಗಾಲಿನಲ್ಲಿ, ನನ್ನ ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಂತರು. ಟಿಟ್ವಾಳಾದಾಚೆ, ನದಿಯ ಹತ್ತಿರ, ಒಂದು ತುಂಡು ಜಾಗದಲ್ಲಿ ಗುಡಿಸಲು ಹಾಕಿ ತರಕಾರಿ ಬೆಳೆಯುತ್ತಿದ್ದರಂತೆ. ಅಲ್ಲಿ ಕರೆಂಟಿಲ್ಲ, ಮೊಬೈಲಿಲ್ಲ. ಕೈಯಲ್ಲಿ ವಾಚು ಕೂಡ ಇರಲಿಲ್ಲ.

“ಮನೆಯವರಿಗೆ ಹೇಳಬೇಡಿ ಅಣ್ಣ. ಈ ಜಾಗ ಗೊತ್ತಿರುವುದು ನಿಮಗೊಬ್ಬರಿಗೆ.”

ಹೇಳುವುದಿಲ್ಲ ಎಂದೆ.

ಅಂದಿನಿಂದ ಪ್ರತಿ ಶನಿವಾರ ಬಸಳೆಯ ಕಟ್ಟು ಬರುತ್ತಿತ್ತು. ನನ್ನ ಅಡುಗೆಯ ಭಟ್ರಿಗೆ ತಮಾಷೆ. “ಬಂದ್ರು ನೋಡಿ ಸನ್ಯಾಸಿ ಸೇಠ್! ಎಷ್ಟು ಗಂಟೆಯ ಲೋಕಲ್ ಮಾರ್ರೆ ಇವತ್ತು?”

“ಸಿಕ್ಕಿದ್ದು. ಬಸಳೆಗೆಂತ ಆಫೀಸುಂಟಾ ಭಟ್ರೇ?” ಎಂದು ಅವರೂ ನಗುತ್ತಿದ್ದರು. ಗಲ್ಲೆಯ ಪಕ್ಕದ ಆ ಸ್ಟೂಲಿನಲ್ಲಿ ಈ ನಗುವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಆದರೂ ನನಗೆ ಒಳಗೊಳಗೇ ಸಿಟ್ಟು. ಒಮ್ಮೆ ಕೇಳಿಯೇಬಿಟ್ಟೆ: “ಅಲ್ಲ ಸಣ್ಣ ಧಣಿ, ತುಂಬಿದ ಹೋಟೆಲು ಬಿಟ್ಟು ಇದೆಂತ ಹುಚ್ಚು? ಹಸಿವು ಅಂದ್ರೆ ಎಂತ ಅಂತ ಗೊತ್ತುಂಟಾ ನಿಮಗೆ?”

“ಗೊತ್ತಿರ್ಲಿಲ್ಲ ಅಣ್ಣ. ಹಸಿವಾಗುವ ಮೊದಲೇ ಅಲ್ಲಿ ಊಟದ ಗಂಟೆ ಆಗ್ತಿತ್ತು. ಈಗ ಹಸಿವಾದ ಮೇಲೆ ಉಣ್ತೇನೆ.”

ಹೊಟ್ಟೆ ತುಂಬಿದವರ ಮಾತು ಎಂದುಕೊಂಡೆ. ನನ್ನನ್ನು ಬದುಕಿಸಿದ್ದೇ ಅವರ ಉಸಿರು ಕಟ್ಟಿಸಿರಬಹುದು ಎಂದು ಆಗ ಹೊಳೆಯಲಿಲ್ಲ. ಹೊರಡುವಾಗ ಅವರು ಒಂದು ದಂಟು ಬೇರೆ ತೆಗೆದಿಡುತ್ತಿದ್ದರು. “ಹಿಂದೆ ಒಂದು ಡಬ್ಬದಲ್ಲಿ ಊರಿ ಅಣ್ಣ, ತಾನಾಗಿ ಬರ್ತದೆ.” ನನಗೆಲ್ಲಿ ಪುರುಸೊತ್ತು? ಅದನ್ನೂ ಹೆಚ್ಚಿ ಹುಳಿಗೆ ಹಾಕಿಸುತ್ತಿದ್ದೆ.

ಠಾಣೆಯ ಆ ಹೋಟೆಲಿನಲ್ಲಿ ಆಯುಧಪೂಜೆಗೆ ಒಂದು ಪದ್ಧತಿ ಇತ್ತು. ಅವತ್ತು ಕೆಲಸಗಾರರು ಕೂರುವುದು, ಧಣಿಗಳು ಸ್ವತಃ ಬಡಿಸುವುದು. ಬಿಟ್ಟು ಬಂದ ನಮ್ಮಂಥ ಹಳಬರಿಗೂ ಅಲ್ಲಿ ಎಲೆ ಇರುತ್ತಿತ್ತು. ಆ ವರ್ಷ ಧಣಿಗಳು ಪಾಯಸದ ಸೌಟು ಹಿಡಿದು ನನ್ನೆದುರು ನಿಂತರು.

“ನಿನ್ನಲ್ಲಿಗೆ ಬರ್ತಾನೆ ಅಂತ ಯಾರೋ ಹೇಳಿದ್ರು. ಬದುಕಿದ್ದಾನಾ ಮಾರಾಯ? ಅಷ್ಟು ಹೇಳು ಸಾಕು. ಅವನ ಅಮ್ಮ ಸರಿ ಉಣ್ಣದೆ ಎಷ್ಟು ದಿನ ಆಯ್ತು...”

ಅವರು ಕೇಳಿದ್ದು ಅಷ್ಟೇ. ಇದ್ದಾರೆ, ಚೆನ್ನಾಗಿದ್ದಾರೆ ಎಂದಿದ್ದರೆ ಮುಗಿಯುತ್ತಿತ್ತು. ನಾನು ಟಿಟ್ವಾಳಾ ಎಂದೆ, ನದಿ ಎಂದೆ, ಸ್ಟೇಷನ್ನಿನಿಂದ ಯಾವ ಕಡೆಗೆ ತಿರುಗಬೇಕು ಎಂಬುದನ್ನೂ ಹೇಳಿದೆ. ಅವರ ಅನ್ನ ಉಂಡು ದೊಡ್ಡವನಾದವ, ಅವರೇ ಬಡಿಸಿದ ಎಲೆಯ ಮುಂದೆ ಮುಚ್ಚಿಡುವುದು ಹೇಗೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಸಣ್ಣ ಧಣಿಯನ್ನು ದಾರಿಗೆ ತರಬೇಕು ಎಂಬ ಹಟ ನನ್ನೊಳಗೂ ಇತ್ತು. ಶಾಲೆ ಬಿಟ್ಟು ಗೆದ್ದವನಿಗೆ ಬೇರೆಯವರ ಬದುಕೂ ಗೊತ್ತು ಎಂಬ ಜಂಬ.

ಮಾರನೆಯ ವಾರ ಧಣಿಗಳ ಕಾರು ಟಿಟ್ವಾಳಾಕ್ಕೆ ಹೋಯಿತು. ತಾಯಿಯೂ ಹೋಗಿದ್ದರು. ಜಗಳವೇನೂ ಆಗಲಿಲ್ಲವಂತೆ. ತಾಯಿಯ ಮುಖ ನೋಡಿ ಸಣ್ಣ ಧಣಿ ಕಾರು ಹತ್ತಿದರಂತೆ...

ಆಮೇಲೆ ನಾನು ಠಾಣೆಗೆ ಹೋದಾಗ ಗಲ್ಲೆಯಲ್ಲಿ ಕೂತಿದ್ದರು, ಕೈಯಲ್ಲಿ ವಾಚು ಇತ್ತು. “ಬನ್ನಿ ಅಣ್ಣ, ಕಾಫಿ ಕುಡಿದು ಹೋಗಿ” ಎಂದರು. ಅಷ್ಟೇ. ಎರಡು ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬೈಯಲಿಲ್ಲ. ಅವರಿಗೆ ಮದುವೆಯಾಯಿತು, ಹೋಟೆಲು ಬೆಳೆಯಿತು, ಕೂದಲು ಬೇಗ ಹಣ್ಣಾಯಿತು. ಡೊಂಬಿವಲಿಗೆ ಅವರು ಮತ್ತೆ ಬರಲಿಲ್ಲ.

ಕಳೆದ ವರ್ಷ ಸಣ್ಣ ಧಣಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅವರ ಹೆಂಡತಿ ಹತ್ತಿರ ಬಂದರು.

“ನೀವು ಡೊಂಬಿವಲಿಯವರಲ್ವಾ? ಟಿಟ್ವಾಳಾದ ಜಾಗ ನಿಮಗೊಬ್ಬರಿಗೇ ಗೊತ್ತಿತ್ತು ಅಂತ ಒಮ್ಮೆ ಹೇಳಿದ್ರು. ಅಲ್ಲಿ ಹೇಗಿದ್ರು ಅವರು? ನನಗೆ ಬೇರೇನೂ ಹೇಳಲೇ ಇಲ್ಲ.”

ನಲ್ಲಿ ಹರಿಯುತ್ತಲೇ ಇತ್ತು. “ನಗ್ತಿದ್ರು ಅಮ್ಮ” ಎಂದೆ. ನಲ್ಲಿ ನಿಲ್ಲಿಸಿ ಹೊರಗೆ ಬಂದೆ.

ಮೊನ್ನೆ ಬಸಳೆ ಹುಳಿಯಲ್ಲಿ ಅನ್ನ ಕಲಸಿ ಕೂತೆ. ಸೊಸೆ ಕೇಳಿದಳು, “ಏನಾಯ್ತು ಮಾವ, ಉಪ್ಪು ಕಮ್ಮಿಯಾ?” ಇಲ್ಲಮ್ಮ ಎಂದೆ. ಡಬ್ಬದಲ್ಲಿ ಊರಲು ಒಂದಾದರೂ ದಂಟು ಉಳಿದಿದೆಯಾ ಎಂದು ಕೇಳಿದೆ. ಎಲ್ಲ ಹೆಚ್ಚಿ ಹಾಕಿದೆ ಎಂದಳು.