ಎಂಟು ತಿಂಗಳ ಮೇಲೆ ಬಂದ ಬೈಗುಳ

ಗೆಳೆಯರೇ, ಇವತ್ತು ನಮ್ಮ ಯಜಮಾನರನ್ನು ರೇನರ್ಸ್ ಲೇನ್ ಬಡಾವಣೆಯ ಚೀನೀ ವೈದ್ಯೆಯೊಬ್ಬರ ಬಳಿ ಅಕ್ಯುಪಂಕ್ಚರ್‌ಗೆ ಕರೆದೊಯ್ದಿದ್ದೆ. ಇವರಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಾಯಿತು. ಬಲಗೈ ಏಳುವುದಿಲ್ಲ, ಮಾತು "ಹೂಂ", "ಊಹೂಂ"ಗೆ ನಿಂತಿದೆ. ಧಾರವಾಡದಿಂದ ಈ ದೇಶಕ್ಕೆ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದವರು. ಇಂಥ ಚಿಕಿತ್ಸೆಯ ಹೆಸರೆತ್ತಿದರೆ ನಗುತ್ತಿದ್ದರು. ಇವತ್ತು ನಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅದೇ ನನಗೆ ಸಂಕಟವಾಯಿತು.

ವೈದ್ಯೆ ಮೊದಲೇ ಹೇಳಿದರು: "ಕೈ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ. ಮಾತ್ರೆ, ಫಿಸಿಯೋ ಎರಡನ್ನೂ ಬಿಡಬೇಡಿ."

ಬಲಗೈಗೆ ಆರು ಸೂಜಿ ಚುಚ್ಚಿದರು. ಇವರು ಗೋಡೆ ನೋಡುತ್ತ ಕೂತಿದ್ದರು. ಆಮೇಲೆ ಎಡಗೈಗೆ ಒಂದು ಚುಚ್ಚಿದ್ದೇ ತಡ, "ಏ ಹುಚ್ಚವ್ವಾ, ತಗೀ ಅದನ್ನ!" ಎಂದು ಒದರಿದರು.

ಎಂಟು ತಿಂಗಳಲ್ಲಿ ಮೊದಲ ಪೂರ್ತಿ ಮಾತು! ನಾನು ಅಲ್ಲೇ ಅತ್ತುಬಿಟ್ಟೆ. ಪಾಪ, ವೈದ್ಯೆ "ಸಾರಿ, ಸಾರಿ" ಎನ್ನುತ್ತ ಸೂಜಿ ತೆಗೆದರು.

ಹೊರಗೆ ಬಂದು, ಡಾಕ್ಟರಾಗಿರುವ ಮಗಳಿಗೆ ಫೋನ್ ಮಾಡಿದೆ. ಅವಳು "ಮಮ್ಮಿ, ನೋವಾದಾಗ ಬೈಗುಳ ತಾನಾಗೇ ಬರತದ. ದಟ್ಸ್ ನಾಟ್ ರಿಕವರಿ" ಎಂದಳು.

ಕಾರಿನಲ್ಲಿ ಕೂತ ಮೇಲೆ ಇವರನ್ನು ಕೇಳಿದೆ: "ಏನ್ರೀ, ಇನ್ನೊಮ್ಮೆ ಬೈರಿ ನೋಡೂಣು."

ತುಟಿ ಅಲುಗಿತು, ಮಾತು ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

ಮದುವೆಯಾದಾಗಿನಿಂದ ಇವರು ಬೈದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು ನಾನು. ಈಗ ಬೈಸಿಕೊಳ್ಳಲೆಂದೇ ಮುಂದಿನ ವಾರಕ್ಕೂ ಹೆಸರು ಬರೆಸಿ ಬಂದಿದ್ದೇನೆ.