ಇಪ್ಪತ್ತು ನಿಮಿಷದ ಆಟಕ್ಕೆ ಎಂಟುನೂರೈವತ್ತು ಕಿಲೋಮೀಟರ್

ಶನಿವಾರ ಬೆಳಿಗ್ಗೆ ಐದಕ್ಕೆ ಸಿಡ್ನಿಯ ಲಿವರ್‌ಪೂಲಿನಿಂದ ಮೆಲ್ಬರ್ನಿಗೆ ಹೊರಟೆವು. ಕಾರು ನನ್ನದು, ಕೆಲಸ ಗೋರಾನನದು. ಗೋರಾನ್ ನಮ್ಮ ಮೇಲಿನ ಫ್ಲ್ಯಾಟಿನವನು, ಸರ್ಬಿಯಾದವನು, ಹೊಟ್ಟೆಪಾಡಿಗೆ ಫುಟ್‌ಬಾಲ್ ಆಡುವವನು. ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವುದು ಅವನ ಕಸುಬು. ನಾನು ಹುಬ್ಬಳ್ಳಿಯವನು. ವಾರವಿಡೀ ಆಸ್ಪತ್ರೆಯಲ್ಲಿ ಕಾಲು ಮುರಿದವರನ್ನು ಹಿಡಿದು ನಡೆಸುತ್ತೇನೆ. ವೀಕೆಂಡಿನಲ್ಲಿ ಇವನ ಕ್ಲಬ್ಬಿನ ಆಟಗಾರರ ಕಾಲಿಗೆ ಪಟ್ಟಿ ಸುತ್ತುತ್ತಿದ್ದೆ. ಹಾಗೆ ಆದದ್ದು ಸ್ನೇಹ.

2006ರ ಸೀಸನ್ ಮುಗಿದ ಮೇಲೆ ಆ ಕ್ಲಬ್ಬು ಗೋರಾನನನ್ನು ಕೈಬಿಟ್ಟಿತ್ತು. ಅವನ ವೀಸಾ ನಿಂತಿದ್ದದ್ದೇ ಕ್ಲಬ್ಬಿನ ಕೆಲಸದ ಮೇಲೆ. ಫೆಬ್ರವರಿಯೊಳಗೆ ಇನ್ನೊಂದು ಕ್ಲಬ್ಬು ಸಿಗದಿದ್ದರೆ ಅವನು, ಹೆಂಡತಿ ಯೆಲೆನಾ, ಎಂಟು ವರ್ಷದ ಮಗಳು ಮಿಲಾ, ಮೂವರೂ ಗಂಟುಮೂಟೆ ಕಟ್ಟಬೇಕು. ಮಿಲಾಳಿಗೆ ಸರ್ಬಿಯಾ ಎಂದರೆ ಅಜ್ಜಿಯ ಫೋಟೋ, ಅಷ್ಟೇ. ಮೆಲ್ಬರ್ನಿನ ಒಂದು ಸಣ್ಣ ಕ್ಲಬ್ಬು ಭಾನುವಾರದ ಟ್ರಯಲ್ ಮ್ಯಾಚಿಗೆ ಬಾ ಎಂದಿತ್ತು. ಶಾಲೆಗಳಿಗೆ ಜನವರಿಯ ಬೇಸಿಗೆ ರಜೆ, ವಿಮಾನದ ಟಿಕೆಟ್ಟಿಗೆ ಕೈ ಹಚ್ಚುವಂತಿರಲಿಲ್ಲ. ನಡಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ.

ಗೌಲ್ಬರ್ನ್ ದಾಟುವ ಹೊತ್ತಿಗೆ ಬಿಸಿಲು ಏರಿತು. ನನ್ನ ಕಾರಿನ ಎಸಿ ಕೆಟ್ಟು ಎರಡು ವರ್ಷವಾಗಿತ್ತು. ನಾನು ಕಿಟಕಿ ಇಳಿಸಿದೆ. ಗೋರಾನ್ ಏರಿಸು ಎಂದ. ಎರಡು ಕಡೆಯಿಂದ ಗಾಳಿ ಹಾದರೆ ಸೊಂಟ ಹಿಡಿಯುತ್ತದೆ, ಕುತ್ತಿಗೆ ತಿರುಗುವುದಿಲ್ಲ, ಇದು ಅವರ ಕಡೆಯ ಗಟ್ಟಿ ನಂಬಿಕೆಯಂತೆ. ಮೂವತ್ತೆಂಟು ಡಿಗ್ರಿಯ ದಿನ ಗಾಳಿಗೆ ಹೆದರುವವನನ್ನು ನಾನು ಅದೇ ಮೊದಲು ಕಂಡದ್ದು. ಆದರೆ ನಮ್ಮ ಸೋದರತ್ತೆ ಮೇ ತಿಂಗಳಲ್ಲೂ ಬಸ್ಸಿನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದಳು, ಯಾವ ಬಾಯಿಂದ ನಗಲಿ? ಕಿಟಕಿ ಏರಿಸಿ ಬೆವರಿನಲ್ಲಿ ತೊಯ್ದು ತೊಪ್ಪೆಯಾದೆ.

ಗುಂಡಗೈಯಲ್ಲಿ ಮರದ ನೆರಳಿಗೆ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಯೆಲೆನಾ ಕಟ್ಟಿಕೊಟ್ಟಿದ್ದ ಚೀಸ್ ತುಂಬಿದ ಪದರು ರೊಟ್ಟಿ ನನಗೆ, ನನ್ನ ಚಪಾತಿ ಮತ್ತು ಶೇಂಗಾ ಚಟ್ನಿ ಅವನಿಗೆ. ಮುಂದಿನ ದಾರಿಯಲ್ಲಿ ಅವನು ತನ್ನ ಆಟದ ಕಥೆ ಹೇಳಿದ. ಹದಿನೇಳಕ್ಕೆ ತನ್ನೂರಿನ ಎರಡನೇ ದರ್ಜೆಯ ತಂಡ, ಆಮೇಲೆ ಗ್ರೀಸ್, ಮಾಲ್ಟಾ, ಹಂಗೇರಿಯಲ್ಲಿ ಒಂದು ಚಳಿಗಾಲ, ಚೀನಾದಲ್ಲಿ ಸೀಸನ್ನಿನ ನಡುವೆಯೇ ಬಾಗಿಲು ಮುಚ್ಚಿದ ಕ್ಲಬ್ಬು, ಸಿಂಗಪುರ, ಕೊನೆಗೆ ಸಿಡ್ನಿ. ಬ್ಯಾಂಕ್ ಮ್ಯಾನೇಜರಿಗೆ ಎರಡು ವರ್ಷಕ್ಕೊಮ್ಮೆ ವರ್ಗವಾದ ಹಾಗೆ. ಎಲ್ಲೂ ಹೆಸರು ಮಾಡಲಿಲ್ಲ, ಎಲ್ಲೂ ಸುಮ್ಮನೆ ಕೂರಲಿಲ್ಲ. ನಾನು ಸ್ಟೇರಿಂಗ್ ಹಿಡಿದುಕೊಂಡೇ ಅವನು ಹೇಳಿದ ವರ್ಷಗಳನ್ನು ಕೂಡಿಸಿದೆ: ಹದಿನೇಳು ವರ್ಷ. ಎದೆ ತುಂಬಿ ಬಂತು.

ಆಲ್ಬರಿಯಲ್ಲಿ ನದಿ ದಾಟಿದ ಮೇಲೆ ಕಾಡ್ಗಿಚ್ಚಿನ ಹೊಗೆ ದಾರಿಯುದ್ದಕ್ಕೂ ಕವಿದಿತ್ತು. ಸಂಜೆ ನಾಲ್ಕೂವರೆಗೆ ಮೆಲ್ಬರ್ನಿನ ಬಾಕ್ಸ್ ಹಿಲ್ ಮುಟ್ಟಿದೆವು. ನನ್ನ ಕಾಲೇಜಿನ ಗೆಳೆಯ ಬಸು ಹತ್ತು ವರ್ಷದಿಂದ ಅಲ್ಲಿದ್ದಾನೆ. ಪಿಆರ್ ಎಂಬ ಕಾಯಂ ವಾಸದ ಪರವಾನಗಿ, ಮನೆಯ ಸಾಲ ಎಲ್ಲ ಮುಗಿಸಿಕೊಂಡವನು, ಆದರೆ ಧಾರವಾಡದ ಮಾತು ಎಳ್ಳಷ್ಟೂ ಬಿಟ್ಟಿಲ್ಲ. ಅವನು ಮಾಡಿದ್ದ ಅನ್ನ-ಸಾರು ಉಂಡು ಗೋರಾನ್ ಎಂಟಕ್ಕೇ ಮಲಗಿಬಿಟ್ಟ.

ಭಾನುವಾರ ಬಿಸಿಲಿಗೆ ಹೆದರಿ ಮ್ಯಾಚು ಒಂಬತ್ತಕ್ಕೇ ಇಟ್ಟಿದ್ದರು. ಗೋರಾನ್ ಬಟ್ಟೆ ಬದಲಿಸುವಾಗ ಕೋಚ್ ಕಾಗದದ ಪ್ಯಾಡು ಹಿಡಿದು ಬಂದು ನಿನ್ನ ಮನುಷ್ಯ ಹೇಗೆ ಎಂದು ನನ್ನನ್ನು ಕೇಳಿದ. ನಮ್ಮ ಕಡೆ ಡಾಕ್ಟರಾಗಲಿ, ಟೇಲರಾಗಲಿ, ಹಾಡುವವರಾಗಲಿ, ಹೊಗಳುವಾಗ ಮೊದಲು ಹೇಳುವುದೇ ಸರ್ವಿಸ್ ಎಷ್ಟು ವರ್ಷ ಎಂದು. ನಾನೂ ಎದೆಯುಬ್ಬಿಸಿ, ಹದಿನೇಳು ವರ್ಷ ಆಡಿದ ಅನುಭವಿ ಎಂದೆ. ಕೋಚ್ ಏನೋ ಗೀಚಿಕೊಂಡು ಹೋದ. ಆಟ ಶುರುವಾದಾಗ ಗೋರಾನ್ ಹೊರಗಿನ ಬೆಂಚಿನ ಮೇಲಿದ್ದ.

ನಾನು ಹೇಳಿದ್ದನ್ನು ಕೇಳಿ, ನಮ್ಮ ಜೊತೆ ಬಂದಿದ್ದ ಬಸು ಹಣೆ ಚಚ್ಚಿಕೊಂಡ. "ಏನ್ ಮಾಡಿದಿಲೇ ನೀ? ಇಲ್ಲೆ ಹದಿನೇಳು ವರ್ಷ ಅಂದ್ರ ಹಿರಿತನ ಅಲ್ಲೋ, ಮುದಿತನ. ಮೊದ್ಲ ಇವ್ರು ತನ್ನ ಆಟ ನೋಡ್ಲಿ, ಆಮ್ಯಾಲೆ ವಯಸ್ಸು ಕೇಳ್ಲಿ ಅಂತ ಗೋರಾನ್ ಬಾಯಿ ಮುಚ್ಚಿಕೊಂಡು ಬಂದಿದ್ದ. ನೀ ಬಾಯಿ ಬಿಟ್ಟಿ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಿಲಾಳ ಮುಖ ಕಣ್ಣ ಮುಂದೆ ಬಂತು. ಇಂಟರ್‌ವಲ್ಲಿನಲ್ಲಿ ಗೋರಾನನ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಅವನು ಶೂ ದಾರವನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದ. "ಆಟ ಮುಗಿಯಲಿ, ನಿನಗೆ ಆಮೇಲೆ ಬೈತೀನಿ" ಎಂದ.

ಇನ್ನು ಇಪ್ಪತ್ತು ನಿಮಿಷ ಇರುವಾಗ ಅವನನ್ನು ಒಳಗೆ ಬಿಟ್ಟರು. ಟ್ರಯಲ್ ಆಟದ ರೀತಿಯೇ ಬೇರೆ ಎಂದು ಆಗ ತಿಳಿಯಿತು. ಅಲ್ಲಿ ಎಲ್ಲರೂ ಕೆಲಸ ಕೇಳಲು ಬಂದವರೇ. ಪಕ್ಕದವನಿಗೆ ಚೆಂಡು ಕೊಟ್ಟರೆ ತನ್ನ ಕೆಲಸವನ್ನೇ ಕೊಟ್ಟಂತೆ. ಗೋರಾನ್ ಗೋಲಿನ ಎರಡು ಕಂಬಗಳಲ್ಲಿ ಚೆಂಡಿನ ಕಡೆಗಿರುವ ಹತ್ತಿರದ ಕಂಬಕ್ಕೆ ಓಡುತ್ತಾನೆ, ಚೆಂಡು ಬರುವುದಿಲ್ಲ. ವಾಪಸು ಬಂದು ಮತ್ತೆ ಓಡುತ್ತಾನೆ, ಬರುವುದಿಲ್ಲ. ಹನ್ನೊಂದು ಸಲ ಓಡಿದ್ದನ್ನು ನಾನು ಎಣಿಸಿದ್ದೇನೆ. ಒಂದು ಸಲವೂ ಕೈಯೆತ್ತಿ ಯಾರನ್ನೂ ದೂರಲಿಲ್ಲ. ಹನ್ನೆರಡನೆಯ ಸಲ ಚೆಂಡು ಎದುರಾಳಿ ಗೋಲ್‌ಕೀಪರನ ಕಾಲಲ್ಲಿತ್ತು. ಆತ ಆರಾಮಾಗಿ ಅತ್ತಿತ್ತ ನೋಡುತ್ತಿದ್ದ. ಇವನು ಮೈಯೊಡ್ಡಿ ನುಗ್ಗಿದ. ಕೀಪರ್ ಗಾಬರಿಯಿಂದ ಒದ್ದ ಚೆಂಡು ಇವನ ಮೊಣಕಾಲಿಗೆ ಬಡಿದು ಗೋಲಿನೊಳಗೆ ಉರುಳಿತು. ನೋಡಲು ಚೆಂದದ ಗೋಲೇನಲ್ಲ. ನಾನು ಮತ್ತು ಬಸು ಕಿರುಚಿದ ಕಿರುಚಾಟಕ್ಕೆ ಪಕ್ಕದವರು ಎದ್ದು ಬೇರೆ ಕಡೆ ಕೂತರು.

ಆಟ ಮುಗಿದ ಕೂಡಲೇ ಗೋರಾನ್ ಹೇಳಿದಂತೆ ಬೈದ. ಪೂರಾ ಸರ್ಬಿಯನ್ನಿನಲ್ಲಿ, ನನಗೆ ಒಂದಕ್ಷರ ಬಿಡದೆ ಅರ್ಥವಾಗುವ ಹಾಗೆ. ಆಮೇಲೆ ನೀರು ಕುಡಿದು, ಬಾ ಎಂದು ನನ್ನನ್ನೂ ಕೋಚ್ ಬಳಿ ಎಳೆದುಕೊಂಡು ಹೋದ. ಕೋಚ್ ಗೋಲಿನ ಮಾತೇ ಆಡಲಿಲ್ಲ. ಹದಿನೇಳು ವರ್ಷ ಆಡಿದ ಕಾಲಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕೇಳಿದ.

"ಇವನು ತಪ್ಪು ಹೇಳಿದ. ಹತ್ತೊಂಬತ್ತು ವರ್ಷ" ಎಂದ ಗೋರಾನ್. "ಎರಡು ವರ್ಷ ಮೊಣಕಾಲು ಮುರಿದುಕೊಂಡು ಮನೆಯಲ್ಲಿದ್ದೆ. ಅದನ್ನ ಯಾರಿಗೂ ಹೇಳಲ್ಲ. ಇದೇ ಆ ಮೊಣಕಾಲು. ಈಗ ಗೋಲು ಹೊಡೆದದ್ದೂ ಇದೇ."

ಇಷ್ಟು ದಿನ ಆ ಕಾಲಿಗೆ ಪಟ್ಟಿ ಸುತ್ತಿದವನು ನಾನು, ನನಗೂ ಹೇಳಿರಲಿಲ್ಲ. ಕೋಚ್ ಪ್ಯಾಡನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಮೊಣಕಾಲನ್ನೇ ನೋಡಿದ. ಮಂಗಳವಾರ ಸಂಜೆ ಆರಕ್ಕೆ ಬಾ, ಇಡೀ ತೊಂಬತ್ತು ನಿಮಿಷ ಆಡಿಸುತ್ತೇನೆ ಎಂದ.

ಯಾಕಪ್ಪಾ ಹೇಳಿದೆ ಎಂದು ನಾನು ಕೇಳದೆ ಇರಲಾಗಲಿಲ್ಲ. ಅವನು ಬೆವರು ಒರೆಸಿಕೊಂಡ. "ಎಲ್ಲ ಗೊತ್ತಿದ್ದೂ ಕರೆದ ನೋಡು. ಇನ್ನು ನನ್ನ ವಾಪಸು ಕಳಿಸೋಕೆ ಅವನ ಹತ್ತಿರ ಬೇರೆ ಕಾರಣ ಇಲ್ಲ, ಆಟ ಒಂದೇ."

ಸೋಮವಾರ ನನಗೆ ಡ್ಯೂಟಿ. ಗೋರಾನನನ್ನು ಬಸುವಿಗೆ ಒಪ್ಪಿಸಿ ಮೈದಾನದಿಂದಲೇ ಸಿಡ್ನಿಗೆ ಹೊರಟೆ. ಗೇಟಿನಲ್ಲಿ ಕಾರು ನಿಧಾನ ಮಾಡಿ ತಿರುಗಿ ನೋಡಿದೆ. ಎಲ್ಲರೂ ಮನೆಗೆ ಹೋಗಿದ್ದರು, ಬಸು ಒಬ್ಬನೇ ನೆರಳಿನಲ್ಲಿ ಕೂತಿದ್ದ. ಆ ಕುದಿಯುವ ಬಿಸಿಲಿನಲ್ಲಿ, ಚೆಂಡಿಲ್ಲದ ಮೈದಾನದಲ್ಲಿ, ಗೋರಾನ್ ಗೋಲಿನ ಆ ಹತ್ತಿರದ ಕಂಬಕ್ಕೆ ಓಡುತ್ತಿದ್ದ.