ಗದ್ದಲ ನಿಂತ ಶಾಲೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಾಸ್ತರನಾಗಿದ್ದೆ. ಅಲ್ಲಿಯ ಜನ ಶಾಲೆಯನ್ನು ಕಿವಿಯಿಂದ ಅಳೆಯುತ್ತಿದ್ದರು. ಮಗ್ಗದ ಸದ್ದನ್ನೂ ಮೀರಿ ಮಕ್ಕಳ ದನಿ ಕೇಳಿದರೆ ಅದು ಒಳ್ಳೆಯ ಶಾಲೆ. ಆ ಲೆಕ್ಕದಲ್ಲಿ ನನ್ನಂಥ ಮಾಸ್ತರ ಸುತ್ತಮುತ್ತ ಇರಲಿಲ್ಲ. ಊರ ನಾಟಕದಲ್ಲಿ ರಾವಣನಾಗಿ ಪಳಗಿದ ಗಂಟಲು ನನ್ನದು. ನಾನೊಂದು ಸಾಲು ಗುಡುಗಿದರೆ ಮೂರನೇ ಇಯತ್ತೆಯೆಲ್ಲ ಹಿಂದಿನಿಂದ ಗುಡುಗುತ್ತಿತ್ತು. ಪಠ್ಯಪುಸ್ತಕವಿಡೀ ಮಕ್ಕಳ ಬಾಯಲ್ಲಿತ್ತು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದವರೂ ಅಷ್ಟೇ ಸೊಗಸಾಗಿ ಓದುತ್ತಿದ್ದರು.

ಇಂಥ ನನ್ನನ್ನು ತಿದ್ದಲು ಬಾಗಲಕೋಟೆಯಿಂದ ಹಿರಿಯ ಶಿಕ್ಷಕಿಯೊಬ್ಬರನ್ನು ಕಳಿಸಿದರು. ಮಕ್ಕಳೊಂದಿಗೆ ಕೂತು ಮಾಸ್ತರನಿಗೆ ಪಾಠ ಕಲಿಸುವ ಹೊಸ ತರಬೇತಿಯಂತೆ. ನನಗೆ ಮೈಯೆಲ್ಲ ಉರಿಯಿತು. ಆ ಅಕ್ಕೋರು ಕುರ್ಚಿ ಬೇಡವೆಂದು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತರು. ಶೇಂಗಾ ತಿನ್ನುತ್ತ ನನ್ನ ಗರ್ಜನೆಯನ್ನು ಪೂರ್ತಿ ಕೇಳಿ, ಸೆರಗು ಕೊಡವಿ ಎದ್ದರು.

"ನೀವು ಭಾಳ ಚೊಲೊ ಓದ್ತೀರಿ ಮಾಸ್ತರ. ಹುಡುಗರ ಪಾಳಿ ಯಾವಾಗ?"

ಮರುದಿನದಿಂದ ನನ್ನ ಬಾಯಿಗೆ ಬೀಗ. ಮಕ್ಕಳು ಕಡ್ಡಿಪೆಟ್ಟಿಗೆ, ಚಹಾಪುಡಿಯ ಪೊಟ್ಟಣ, ಹಳೆಯ ಕ್ಯಾಲೆಂಡರ್ ಹೀಗೆ ಅಕ್ಷರವಿರುವ ಏನನ್ನಾದರೂ ಮನೆಯಿಂದ ತಂದು, ಇಬ್ಬಿಬ್ಬರಾಗಿ ಕೂತು ಮೆಲ್ಲಗೆ ಓದಬೇಕು. ಯಾರಾದರೂ ತಡವರಿಸಿದರೆ ನಾನು ಶಬ್ದ ಹೇಳಿಕೊಡುವಂತಿಲ್ಲ, ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಕಾಯಬೇಕು. ಕಾಯುವುದೆಂದರೆ ರಾವಣನಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಆದರೆ ಕಾದಾಗಲೇ ತಿಳಿದದ್ದು, ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಒದರುತ್ತಿದ್ದ ನೇಕಾರರ ಹುಡುಗಿಗೆ ಅಕ್ಷರಗಳ ಪರಿಚಯವೇ ಇರಲಿಲ್ಲ ಎಂದು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಕಡ್ಡಿಪೆಟ್ಟಿಗೆಯ ಮೇಲಿನದನ್ನು ಕೂಡಿಸಿ ಕೂಡಿಸಿ ಓದತೊಡಗಿದಳು.

ಶಾಲೆ ತಣ್ಣಗಾದದ್ದು ಓಣಿಗೆ ಸಹಿಸಲಾಗಲಿಲ್ಲ. ಮಾಸ್ತರ ನಿದ್ದೆ ಹೊಡೆಯುತ್ತಾನೆ ಎಂದರು ಕೆಲವರು, ಕುಡಿತಕ್ಕೆ ಬಿದ್ದಿದ್ದಾನೆ ಎಂದರು ಉಳಿದವರು. ಕೊನೆಗೊಂದು ದಿನ ಆ ಹುಡುಗಿಯ ತಾಯಿ ಸೀದಾ ತರಗತಿಗೇ ನುಗ್ಗಿದಳು. ಅಕ್ಕೋರು ಅಂದು ಬಾಗಲಕೋಟೆಗೆ ಹೋಗಿದ್ದರು, ಪುಣ್ಯವಂತೆ.

"ಸಾಲ್ಯಾಗ ಸದ್ದ ಇಲ್ಲ. ನಾಳಿಯಿಂದ ಈಕಿ ಮನ್ಯಾಗ ಕಂಡಿಕಿ ಸುತ್ತತಾಳ."

ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂತ ಹುಡುಗಿಯರು ಶಾಲೆಗೆ ಮರಳಿದ್ದನ್ನು ನಾನು ಕಂಡಿರಲಿಲ್ಲ. ಒಮ್ಮೆ ಓದಿಸಿ ನೋಡು ತಾಯಿ ಎಂದು ಗೋಗರೆದೆ. ಅವಳು ಸೊಂಟದಿಂದ ಒಂದು ಲಗ್ನಪತ್ರಿಕೆ ಎಳೆದು ಮಗಳ ಕೈಗಿಟ್ಟಳು. ಪತ್ರಿಕೆ ಕೊಟ್ಟವರು ಓದಿ ಹೇಳಿದ್ದರಿಂದ ಅದರಲ್ಲಿದ್ದದ್ದು ಅವಳಿಗೆ ಗೊತ್ತಿತ್ತು.

ಹುಡುಗಿ ಪತ್ರಿಕೆಯ ಮೊದಲ ಸಾಲಿನಲ್ಲೇ ತಡವರಿಸಿದಳು. ಗಂಟಲಿಗೆ ಬಂದ ರಾವಣನನ್ನು ನುಂಗಿ, ಅಕ್ಷರದ ಮೇಲೆ ಬೆರಳಿಟ್ಟೆ. "ಕೂ... ಡ... ಲ..." ಎಂದು ಕುಂಟುತ್ತ ಹೋದಳು. ಸಂಗಮ ತಲುಪುವಷ್ಟರಲ್ಲಿ ನನ್ನ ಅಂಗಿ ಒದ್ದೆ. ಅಕ್ಕೋರು ಬರುವ ಮುಂಚೆ ಒಂದೇ ಉಸಿರಿಗೆ ಪುಟ ಮುಗಿಸುತ್ತಿದ್ದವಳು ಈಗ ಹೀಗೆ ಎಡವಿದರೆ ಯಾವ ತಾಯಿ ಒಪ್ಪುತ್ತಾಳೆ? ನಾನೇ ಅವಳನ್ನು ಹಾಳು ಮಾಡಿದೆ ಅನ್ನಿಸಿತು.

ತಾಯಿ ಕೊನೆಯ ಸಾಲಿನವರೆಗೂ ನಿಂತು ಕೇಳಿದಳು.

"ಮೊದಲ ಬಾಯಿಪಾಠ ಒದರತಿದ್ಲು. ಈಗ ತಡದ್ ತಡದ್ ಹೇಳಾಕತ್ತಾಳ. ಅಂದ್ರ ಖರೇನ ಓದಾಕತ್ತಾಳ. ಕಂಡಿಕಿ ನಾನ ಸುತ್ಕೋತೇನಿ."

ನನಗೆ ಕಣ್ಣು ತುಂಬಿ ಬಂತು. ಬಾಗಿಲ ತನಕ ಹೋದವಳು ತಿರುಗಿ ನೋಡಿದಳು.

"ಆದ್ರ ಸಂಜೀಕ ಒಂದ್ ಸಲ ಒದರಸ್ರಿ ಮಾಸ್ತರ. ನಮಗ ಚಾ ಕುಡಿಯೂ ಹೊತ್ತ ಗೊತ್ತಾಗವಲ್ದು."

ಬಾಗಲಕೋಟೆಯಿಂದ ಮರಳಿದ ಅಕ್ಕೋರು ಇದನ್ನು ಕೇಳಿ ನಕ್ಕು ಒಪ್ಪಿದರು. ಅಂದಿನಿಂದ ಸಂಜೆ ಒಂದು ಪದ್ಯವನ್ನು ಮಗ್ಗಗಳೇ ನಿಲ್ಲುವಂತೆ ಗುಡುಗುತ್ತಿದ್ದೆ. ಇಡೀ ತರಗತಿ ಖುಷಿಯಿಂದ ನನ್ನ ಹಿಂದೆ ಗುಡುಗುತ್ತಿತ್ತು. ಆ ಹುಡುಗಿ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ನಾನಿನ್ನೂ ಮಾಡದ ಪಾಠದ ಮೇಲೆ ಬೆರಳಾಡಿಸುತ್ತಿದ್ದಳು.